ಪೂರ್ವಕಥೆ ತಯಾರಿಕೆ: ಬಳಕೆದಾರರ ಕೈಪಿಡಿ (ಮಾದರಿ: ‘ಪ್ರಮೀಥಿಯಸ್’, 2012)

ಮೊದಲು, ಜನ ಮೆಚ್ಚಿದ ಹಳೆಯ ಚಿತ್ರವೊಂದನ್ನು ಆರಿಸಿಕೊಳ್ಳಿ. ಅದರಲ್ಲಿ ಯಾರೂ ವಿವರಿಸದೆ ಬಿಟ್ಟ ಸಂಗತಿಯೊಂದು ಇರಲೇಬೇಕು. ಈ ಮಾದರಿಯಲ್ಲಿ ಅದು 1979ರ ‘ಏಲಿಯನ್’ನಲ್ಲಿ ಕಾಣುವ ದೈತ್ಯ: ಎದೆ ಒಡೆದುಕೊಂಡು, ಕೂತ ಆಸನದ ಸಮೇತ ಕಲ್ಲಾಗಿ ಹೋದವನು. ಎಚ್.ಆರ್. ಗೀಗರ್ ರೂಪಿಸಿದ ಆ ಆಕೃತಿ ತೆರೆಯ ಮೇಲಿರುವುದು ಸ್ವಲ್ಪವೇ ಹೊತ್ತು. ಅವನು ಯಾರು, ಎಲ್ಲಿಂದ ಬಂದ, ಒಬ್ಬರೂ ಹೇಳುವುದಿಲ್ಲ. ನೋಡಿದವರ ಮೈ ಜುಮ್ಮೆಂದದ್ದು ಅದಕ್ಕೇ.

ಆಮೇಲೆ ಅದೇ ನಿರ್ದೇಶಕರನ್ನು ಕರೆಸಿ. ರಿಡ್ಲಿ ಸ್ಕಾಟ್ ಬಂದರೆ ಕಣ್ಣಿಗೆ ಹಬ್ಬ ಗ್ಯಾರಂಟಿ. ಐಸ್‌ಲ್ಯಾಂಡಿನ ಡೆಟ್ಟಿಫಾಸ್ ಜಲಪಾತದ ಅಂಚಿನಲ್ಲಿ ಬಿಳಿಚಿದ ದೈತ್ಯನೊಬ್ಬ ಕಪ್ಪು ದ್ರವ ಕುಡಿದು, ಕರಗುತ್ತಾ ನೀರಿಗುರುಳುತ್ತಾನೆ. ಒಂದು ಮಾತೂ ಇಲ್ಲ. ಇಂಥ ಆರಂಭ ಕಂಡ ಪ್ರೇಕ್ಷಕ ನಿಮಗೆ ಧಾರಾಳವಾಗಿ ನಂಬಿಕೆಯ ಸಾಲ ಕೊಡುತ್ತಾನೆ. ಬೇಕಾಗುತ್ತದೆ, ಇಟ್ಟುಕೊಳ್ಳಿ.

ಈಗ ಬಾಹ್ಯಾಕಾಶ ನೌಕೆಗೆ ವಿಜ್ಞಾನಿಗಳನ್ನು ತುಂಬಿಸಿ. ವಿವೇಕ ಬೆರೆಸಬಾರದು. ಗಾಳಿ ಚೆನ್ನಾಗಿದೆ ಎಂದು ತಿಳಿದದ್ದೇ ತಡ, ಅನ್ಯಗ್ರಹದಲ್ಲಿ ಒಬ್ಬ ಹೆಲ್ಮೆಟ್ ಕಳಚತಕ್ಕದ್ದು. ಸುರಂಗದ ನಕ್ಷೆ ತೆಗೆದ ಭೂವಿಜ್ಞಾನಿಯೇ ದಾರಿ ತಪ್ಪತಕ್ಕದ್ದು. ಜೀವವಿಜ್ಞಾನಿ ಹೆಣ ಕಂಡು ಹೆದರಿ ಓಡಿ, ಹೆಡೆ ಬಿಚ್ಚಿದ ಹಾವಿನಂಥ ಜೀವಿಯನ್ನು ಮುದ್ದಿಸಲು ಕೈ ಚಾಚತಕ್ಕದ್ದು. (ಹುತ್ತಕ್ಕೆ ಕೈ ಹಾಕಬಾರದೆಂದು ತಿಳಿಯಲು ಡಾಕ್ಟರೇಟ್ ಬೇಕೆ?) ಉರುಳಿ ಬರುವ ಬೃಹತ್ ನೌಕೆಯ ಮುಂದೆ ಷಾರ್ಲೀಜ್ ಥೆರಾನ್ ಪಕ್ಕಕ್ಕೆ ಸರಿಯದೆ ನೇರ ಓಡುತ್ತಾರೆ. ಆ ನಂಬಿಕೆಯ ಸಾಲವೆಲ್ಲ ಇಲ್ಲಿಗೆ ಖರ್ಚಾಯಿತು.

ಎಚ್ಚರಿಕೆ: ಡೇವಿಡ್ ಎಂಬ ಭಾಗವನ್ನು ಮಾತ್ರ ಕೆಡಿಸಬೇಡಿ. ಎಲ್ಲರೂ ವರ್ಷಗಟ್ಟಲೆ ನಿದ್ದೆಯಲ್ಲಿರುವಾಗ ಈ ಯಂತ್ರಮಾನವ ಒಬ್ಬನೇ ‘ಲಾರೆನ್ಸ್ ಆಫ್ ಅರೇಬಿಯಾ’ ನೋಡುತ್ತಾ, ಪೀಟರ್ ಓಟೂಲ್‌ನಂತೆ ಕೂದಲು ಬಾಚಿಕೊಳ್ಳುತ್ತಾನೆ. ಮನುಷ್ಯರು ತಮ್ಮನ್ನು ಸೃಷ್ಟಿಸಿದವರನ್ನು ಹುಡುಕಿ ಹೊರಟಿದ್ದಾರೆ. ಇವನಿಗೆ ಆ ಭಾಗ್ಯ ಆಗಲೇ ಒದಗಿದೆ: ತನ್ನನ್ನು ಸೃಷ್ಟಿಸಿದವರಿಗೆ ದಿನವೂ ಚಾಕರಿ ಮಾಡುತ್ತಿದ್ದಾನೆ, ಅವರಲ್ಲಿ ಅಂಥ ದೊಡ್ಡಸ್ತಿಕೆಯೇನೂ ಕಂಡಿಲ್ಲ. ಮೈಕೆಲ್ ಫಾಸ್‌ಬೆಂಡರ್ ಇದನ್ನೆಲ್ಲ ಅರ್ಧ ನಗುವಿನಲ್ಲೇ ಹೇಳಿಬಿಡುತ್ತಾರೆ. ಚಿತ್ರದ ತೂಕದ ಆಲೋಚನೆಯೆಲ್ಲ ಇವನ ಪಾಲಿಗೇ ಬಂದಿದೆ. ಜೊತೆಗೆ, ಗಂಡಸರಿಗಷ್ಟೇ ಹೊಂದಿಸಿಟ್ಟ ಶಸ್ತ್ರಚಿಕಿತ್ಸಾ ಯಂತ್ರದೊಳಗೆ ನೂಮಿ ರಪಾಸ್ ಮಲಗಿ, ತಮ್ಮ ಹೊಟ್ಟೆಯಲ್ಲಿ ಬೆಳೆದ ಜೀವಿಯನ್ನು ತೆಗೆಸಿಕೊಳ್ಳುವ ದೃಶ್ಯವನ್ನೂ ಉಳಿಸಿಕೊಳ್ಳಿ. ‘ಏಲಿಯನ್’ನ ಭಯಕ್ಕೆ ಸರಿಸಮ ನಿಲ್ಲುವುದು ಅದೊಂದೇ.

ಕೊನೆಯದಾಗಿ ಗುಟ್ಟು ಬಿಚ್ಚಿ. ಕಲ್ಲಾದ ಎಲುಬೆಂದು ನಾವು ಬೆರಗಾಗಿದ್ದು ಬರೀ ಉಡುಪಂತೆ! ಒಳಗಿರುವವನು ನಮ್ಮಂಥದೇ ಮುಖದ ಬೋಳು ಆಸಾಮಿ. ಮೇಲಾಗಿ ಈ ಕತೆ ನಡೆಯುವುದು ಎಲ್‌ವಿ-223 ಎಂಬ ಲೋಕದಲ್ಲಿ. ಹಳೆಯ ಚಿತ್ರದ ಕಳೇಬರ ಇದ್ದದ್ದು ಎಲ್‌ವಿ-426ರಲ್ಲಿ. ಹಳೆಯ ಬೆರಗನ್ನು ಕೊಂದು, ಆ ಕಳೇಬರದ ಕತೆಯನ್ನೂ ಹೇಳದೆ ಬಿಡುವುದು ಈ ಮಾದರಿಯ ವಿಶೇಷ ಸೌಲಭ್ಯ.

ಗಳಿಕೆ 40 ಕೋಟಿ ಡಾಲರ್ ದಾಟಿದ ಕಾರಣ ದೂರು ಸ್ವೀಕರಿಸಲಾಗುವುದಿಲ್ಲ. ಮನೆಯಲ್ಲಿ ಯಾರಿಗಾದರೂ ಈ ಸರಣಿ ತೋರಿಸುವುದಿದ್ದರೆ ಕತೆಯ ಕಾಲಕ್ರಮ ಹಿಡಿಯಬೇಡಿ. 1979ರದ್ದನ್ನೇ ಮೊದಲು ಹಾಕಿ.