ಒಪ್ಪಿಗೆ ಕೇಳುವ ಪರದೆ: ಬಿ.ಜಿ. ಮಹೇಶ್ ಅವರಿಗೊಂದು ಬಹಿರಂಗ ಪತ್ರ

ಪ್ರಿಯ ಮಹೇಶ್ ಅವರೇ,

ನಾನು ಕೊಡಗಿನ ಭಾಗಮಂಡಲದ ಕಡೆ ಒಂದಿಷ್ಟು ಕಾಫಿ, ಕರಿಮೆಣಸು ಇಟ್ಟುಕೊಂಡು ಬದುಕುತ್ತಿರುವವನು. ನಿಮಗೆ ನನ್ನ ಪರಿಚಯವಿಲ್ಲ. ನೀವು ಕಟ್ಟಿದ ಪುಟಗಳನ್ನು ಓದಲು ಶುರುಮಾಡಿ ಇಪ್ಪತ್ತು ವರ್ಷ ದಾಟಿತು. ಆ ಸಲುಗೆಯಿಂದ ಬರೆಯುತ್ತಿದ್ದೇನೆ.

ಆಗೆಲ್ಲ ಮಡಿಕೇರಿಗೆ ಹೋದಾಗ ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೂರುತ್ತಿದ್ದೆ. ಕನ್ನಡದ ಪುಟ ತೆರೆದರೆ ಅಕ್ಷರ ಇರಬೇಕಾದಲ್ಲಿ ಬರೀ ಚೌಕಗಳು. ಒಂದೊಂದು ತಾಣಕ್ಕೆ ಒಂದೊಂದು ಫಾಂಟ್. ಅದನ್ನು ಇಳಿಸಿಕೊಳ್ಳುವಷ್ಟರಲ್ಲಿ ಕರೆಂಟು ಹೋಗಿರುತ್ತಿತ್ತು, ಮಳೆಗಾಲವಾದರಂತೂ ಕೇಳುವುದೇ ಬೇಡ. ಅಂಥ ಒಂದು ದಿನ ನಿಮ್ಮ ದಟ್ಸ್‌ಕನ್ನಡ ತಾಣದ ಪುಟ ಅಡಿಯಿಂದ ಮುಡಿಯವರೆಗೆ ಕನ್ನಡದಲ್ಲೇ ತೆರೆದುಕೊಂಡಿತು. ಎಸ್.ಕೆ. ಶಾಮಸುಂದರ ಅವರ ಸಂಪಾದಕತ್ವ, ಅಮೆರಿಕದಿಂದ ಶ್ರೀವತ್ಸ ಜೋಶಿಯವರ ‘ವಿಚಿತ್ರಾನ್ನ’ ಅಂಕಣ. ಪಕ್ಕದ ಮನೆಯವರು ಜಗಲಿಯಲ್ಲಿ ಕೂತು ಮಾತಾಡಿದಂಥ ಕನ್ನಡ ಅದು. ಕಂಪ್ಯೂಟರಿನ ಮುಂದೆ ನನಗಿದ್ದ ಅಳುಕು ಹೋದದ್ದು ಆ ಕನ್ನಡದಿಂದ.

ಡಾಟ್‌ಕಾಂ ಕಂಪನಿಗಳು ಒಂದರ ಹಿಂದೊಂದು ಬಾಗಿಲು ಹಾಕುತ್ತಿದ್ದ ಕಾಲ. ಕನ್ನಡದಲ್ಲಿ ಜಾಹೀರಾತು ಹುಟ್ಟುತ್ತದೆ ಎಂದರೆ ನಂಬುವವರಿರಲಿಲ್ಲ. ನೀವು ಬಿಡಲಿಲ್ಲ. 2006ರಲ್ಲಿ ಗ್ರೇನಿಯಮ್ ಸಂಸ್ಥೆಯ ಮೂಲಕ ಒನ್‌ಇಂಡಿಯಾ ಬಂತು. ಕನ್ನಡದ ಜೊತೆ ತಮಿಳು, ತೆಲುಗು, ಮಲಯಾಳ, ಆಮೇಲೆ ಇನ್ನಷ್ಟು ಭಾಷೆಗಳು. ಸಿನಿಮಾ, ವಾಹನ, ಹಣಕಾಸು ಎಂದು ಟಿಸಿಲೊಡೆಯಿತು. ಆ ವ್ಯವಹಾರದ ಏರಿಳಿತ ಬಲ್ಲವರು ಬೇರೆ ಬರೆಯಲಿ. ಎಣಿಕೆಗೇ ಸಿಗದಷ್ಟು ಕಡಿಮೆ ಓದುಗರಿದ್ದಾಗ ಆ ಕೆಲವರನ್ನೇ ನಂಬಿ ನೀವು ಅಂಗಡಿ ತೆರೆದಿರಿ. ನನಗೆ ದೊಡ್ಡದಾಗಿ ಕಾಣುವುದು ಅದು.

ಈ ಕಾಗದ ನಿಮ್ಮ ಎರಡನೆಯ ಕೆಲಸದ ಬಗ್ಗೆ.

2019ರಲ್ಲಿ ‘ಸಹಮತಿ’ ಸಂಸ್ಥೆ ಹುಟ್ಟಿತು. ಅದರ ಸಹಸ್ಥಾಪಕರು ನೀವು. ರಿಸರ್ವ್ ಬ್ಯಾಂಕ್ 2016ರಲ್ಲಿ ನಿಯಮ ಮಾಡಿದ, 2021ರ ಸೆಪ್ಟೆಂಬರಿನಲ್ಲಿ ಬ್ಯಾಂಕುಗಳು ಬಳಸತೊಡಗಿದ ಅಕೌಂಟ್ ಅಗ್ರಿಗೇಟರ್ ವ್ಯವಸ್ಥೆಯನ್ನು ಬೆಳೆಸುವ ಸಂಸ್ಥೆ. ನಾನು ತಿಳಿದಂತೆ ಹೇಳುತ್ತೇನೆ: ಸಾಲ ಕೇಳುವವನ ಖಾತೆಯ ವಿವರ ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಹೋಗಬೇಕಾದರೆ ಅವನ ಒಪ್ಪಿಗೆ ಬೇಕು. ಯಾವ ವಿವರ, ಯಾತಕ್ಕೆ, ಎಷ್ಟು ದಿನಕ್ಕೆ ಎಂದು ಆ ಒಪ್ಪಿಗೆಯಲ್ಲೇ ಇರಬೇಕು. ಮಧ್ಯೆ ನಿಂತ ಅಗ್ರಿಗೇಟರ್ ಅದನ್ನು ಸಾಗಿಸಬಹುದು, ಬಿಚ್ಚಿ ನೋಡುವಂತಿಲ್ಲ. ಕೊಟ್ಟ ಒಪ್ಪಿಗೆಯನ್ನು ವಾಪಸು ಪಡೆಯಬಹುದು. ಒಳ್ಳೆಯ ಏರ್ಪಾಡು. ನಮ್ಮಂಥವರಿಗೆ ಇದು ಬೇಕೇ ಬೇಕು. ಹೂಮಳೆ ಬಿದ್ದರೆ ಕಾಫಿ, ಕಾಫಿ ಕಣದಲ್ಲಿ ಒಣಗಿ ಮೂಟೆಯಾದರೆ ದುಡ್ಡು. ವರ್ಷಕ್ಕೊಮ್ಮೆ ತುಂಬಿ ಉಳಿದ ತಿಂಗಳೆಲ್ಲ ಸೊರಗುವ ನಮ್ಮ ಖಾತೆಯನ್ನು ಸಂಬಳದವರ ಖಾತೆಯಂತೆ ಓದಿದರೆ ಯಾರೂ ಸಾಲ ಕೊಡುವುದಿಲ್ಲ. ಹಲವು ವರ್ಷದ ಜಮಾ–ಖರ್ಚು ಒಟ್ಟಿಗೆ ಕಂಡರೆ ಬೆಳೆಗಾರನ ಬದುಕು ಅರ್ಥವಾದೀತು.

ಆದರೆ ಒಪ್ಪಿಗೆ ಕೇಳುವ ಭಾಷೆ ಯಾವುದು?

ನನ್ನ ಸೋದರತ್ತೆಗೆ ಎಪ್ಪತ್ತು ದಾಟಿದೆ. ಮಡಿಕೇರಿಯಿಂದ ಬರುವ ‘ಶಕ್ತಿ’ ಪತ್ರಿಕೆಯನ್ನು, 1957ರಿಂದ ನಡೆಯುತ್ತಿರುವ ನಮ್ಮ ಜಿಲ್ಲೆಯ ಕನ್ನಡ ದಿನಪತ್ರಿಕೆಯನ್ನು, ನಿಧನವಾರ್ತೆಯಿಂದ ಶುರುಮಾಡಿ ಒಂದಕ್ಷರ ಬಿಡದೆ ಓದುತ್ತಾರೆ. ಚೀಟಿಯಲ್ಲಿ ಒಂದು ರೂಪಾಯಿ ಹೆಚ್ಚುಕಮ್ಮಿಯಾದರೆ ಹಿಡಿಯುತ್ತಾರೆ. ಅಂಥವರು ತೋಟದ ಗೊಬ್ಬರಕ್ಕೆಂದು ಮೊಬೈಲಿನಲ್ಲಿ ಯಾವುದೋ ಸಾಲದ ಆ್ಯಪ್ ಒತ್ತಿದರು. ಪರದೆ ತುಂಬ ಸಣ್ಣಕ್ಷರದ ಇಂಗ್ಲಿಷ್, ಕೆಳಗೆ ಒಂದು ಹಸಿರು ಗುಂಡಿ. ಆಮೇಲೆ ದಿನವಿಡೀ ಅಪರಿಚಿತರ ಫೋನು. ನಮ್ಮ ನೆಂಟರಿಗೂ ಹೋಯಿತು. “ಎಂತದೋ ಇಂಗ್ಲೀಷಲ್ಲಿ ಬಂತು ಮಗಾ, ಒತ್ತದಿದ್ರೆ ಮುಂದಕ್ಕೆ ಹೋಗ್ಲಿಲ್ಲ” ಎಂದರು. ಕಾಗದದ ಮೇಲೆ ಅಂದವಾಗಿ ಕನ್ನಡದಲ್ಲಿ ಸಹಿ ಹಾಕುವ ಹೆಂಗಸಿಂದ ಆ ಪರದೆ ಹೆಬ್ಬೆಟ್ಟು ಒತ್ತಿಸಿಕೊಂಡಿತು. ನನಗೆ ಆ ಸಿಟ್ಟು ಇನ್ನೂ ಇಳಿದಿಲ್ಲ.

ಇಂಥದ್ದು ನಡೆಯಬಾರದೆಂದೇ ನಿಮ್ಮ ವ್ಯವಸ್ಥೆ ಇರುವುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಒಪ್ಪಿಗೆಯನ್ನು ಸರಳ ಭಾಷೆಯಲ್ಲಿ ಕೇಳಬೇಕು, ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಪರಿಚ್ಛೇದದ ಯಾವುದೇ ಭಾಷೆಯಲ್ಲಾಗಲಿ ಓದುವ ಅವಕಾಶ ಕೊಡಬೇಕು ಎನ್ನುತ್ತದೆ. ನನ್ನ ಭಯ ಆಮೇಲಿನದು. ಕಾಯ್ದೆಗೆ ಹೆದರಿ ‘ದತ್ತಾಂಶ’, ‘ಸಮ್ಮತಿ ವ್ಯವಸ್ಥಾಪಕ’ ಎಂದು ಕಲ್ಲಿನಂಥ ಕನ್ನಡ ಬರೆದು ಕೈತೊಳೆದುಕೊಂಡರೆ ಅತ್ತೆ ಮತ್ತೆ ಹಸಿರು ಗುಂಡಿಯನ್ನೇ ಹುಡುಕುತ್ತಾರೆ. ಜನರಾಡುವ ಕನ್ನಡವನ್ನು ಪರದೆಗೆ ತಂದ ಅನುಭವ ಈ ಹಣಕಾಸು ಲೋಕದಲ್ಲಿ ನಿಮ್ಮಷ್ಟು ಇನ್ನಾರಿಗಿದೆ? “ನಿಮ್ಮ ಖಾತೆಯ ಒಂದು ವರ್ಷದ ಲೆಕ್ಕ ಈ ಬ್ಯಾಂಕಿಗೆ ತೋರಿಸಬಹುದಾ? ಸಾಲ ಕೊಡುವುದಕ್ಕೆ ಮಾತ್ರ. ಬೇಡ ಅನ್ನಿಸಿದರೆ ನಿಲ್ಲಿಸಬಹುದು, ಅದಕ್ಕೆ ಇಲ್ಲಿ ಒತ್ತಿ.” ಇಷ್ಟು ಸಾಕು. ಬೇಡ ಎನ್ನುವ ಗುಂಡಿಯೂ ಅಷ್ಟೇ ದೊಡ್ಡದಿರಲಿ.

ಇನ್ನೊಂದು ಮಾತು. ಕೊಡವ ತಕ್ಕ್ ಆಡುವವರು 2011ರ ಜನಗಣತಿಯಲ್ಲಿ 1 ಲಕ್ಷಕ್ಕೆ ತುಸು ಹೆಚ್ಚು. ಅದು ಎಂಟನೆಯ ಪರಿಚ್ಛೇದದಲ್ಲಿಲ್ಲ. ನಮ್ಮ ಮನೆಯ ಅರೆಭಾಷೆಯೂ ಇಲ್ಲ, ಪಕ್ಕದ ತುಳುವೂ ಇಲ್ಲ. ಈ ಮಾತುಗಳನ್ನಾಡುವವರಿಗೆ ಕಾಯ್ದೆ ಆ ಬಾಗಿಲು ತೆರೆದಿಲ್ಲ. ಈ ಮೂರನ್ನೂ ಹೆಚ್ಚಾಗಿ ಕನ್ನಡ ಲಿಪಿಯಲ್ಲೇ ಬರೆಯುತ್ತೇವೆ. ಓದಿ ಹೇಳುವ ದನಿಯೊಂದನ್ನು ಸೇರಿಸಿದರೆ ಓದು ಬಾರದ ತೋಟದ ಆಳಿಗೂ ದಕ್ಕುತ್ತದೆ. ಜನ ಕಡಿಮೆ, ಖರ್ಚು ಹೆಚ್ಚು ಎಂದು ಯಾರಾದರೂ ಹೇಳಿಯಾರು. 2000ದ ಸುಮಾರಿಗೆ ಕನ್ನಡದ ಬಗ್ಗೆ ಈ ಮಾತನ್ನು ನೀವು ಕೇಳಿಸಿಕೊಂಡಿರಬೇಕು.

ಮಾರ್ಚಿನಲ್ಲಿ ಹೂಮಳೆ ಬಿದ್ದು ವಾರವಾದ ಮೇಲೆ ಬನ್ನಿ. ತೋಟವೆಲ್ಲ ಬೆಳ್ಳಗಿರುತ್ತದೆ. ಒಪ್ಪಿಗೆ ಕೇಳುವ ಪರದೆಯ ಕರಡೊಂದನ್ನು ಮೊಬೈಲಿನಲ್ಲಿ ತನ್ನಿ. ಜಗಲಿಯಲ್ಲಿ ಕೂತು ಅತ್ತೆ ಅದನ್ನು ಗಟ್ಟಿಯಾಗಿ ಓದುತ್ತಾರೆ. ಎಲ್ಲಿ ತಡವರಿಸುತ್ತಾರೋ ಅಲ್ಲಿ ಗುರುತು ಹಾಕಿಕೊಳ್ಳಿ.

ಇಂತಿ,
ಭಾಗಮಂಡಲದ ಕಡೆಯ ಒಬ್ಬ ಬೆಳೆಗಾರ