ಟಿಕ್ ಅಂದ ಮಾತ್ರಕ್ಕೆ

ನಮ್ಮ ಅಡುಗೆಮನೆಯಲ್ಲಿ ಪಾತ್ರೆ ಹದಿನೆಂಟು, ಮುಚ್ಚಳ ಇಪ್ಪತ್ತಮೂರು. ಯಾವುದಕ್ಕೆ ಯಾವುದು ಕೂರುತ್ತದೆಂದು ಮೂವತ್ತು ವರ್ಷದ ಸಂಸಾರದಲ್ಲೂ ನನಗೆ ತಿಳಿದಿಲ್ಲ. ಇಂಥ ಪ್ರಚಂಡನಾದ ನಾನು ತಾರಸಿಗೆ ಸೋಲಾರ್ ಹಾಕಿಸಲು ಹೊರಟೆ.

ಪಕ್ಕದ ಮನೆಯ ತೆಂಗಿನಮರ ಹನ್ನೊಂದು ಗಂಟೆಗೆ ತಪ್ಪದೆ ನೆರಳಿನ ರೂಪದಲ್ಲಿ ನಮ್ಮ ತಾರಸಿಗೆ ಬರುತ್ತದೆ. ಅದಕ್ಕೇ ಮೈಕ್ರೋಇನ್ವರ್ಟರ್. ಪ್ಯಾನೆಲಿನ ಬೆನ್ನಿಗಂಟಿ ಕೂತು, ಅದರ ಡಿಸಿಯನ್ನು ಅಲ್ಲೇ 230 ವೋಲ್ಟಿನ ಎಸಿ ಮಾಡುವ ಡಬ್ಬಿ. ಒಂದು ಪ್ಯಾನೆಲ್ ನೆರಳಲ್ಲಿ ತೂಕಡಿಸಿದರೂ ಪಕ್ಕದ್ದು ದುಡಿಯುತ್ತದೆ. ಪ್ಯಾನೆಲಿಗೊಂದು ಡಬ್ಬಿ ಎಂದರು. ನಾನೋ, ಒಂದು ಟೀಯನ್ನು ಬೈಟು ಮಾಡಿ ಬೆಳೆದವನು. ಎರಡಕ್ಕೂ ಒಂದೇ ಡಬ್ಬಿ ಸಾಕೆಂದು 540 ವ್ಯಾಟಿನ ಎರಡು ಪ್ಯಾನೆಲನ್ನು ಪ್ಲಸ್ಸಿಗೆ ಮೈನಸ್ ಸೇರಿಸಿ ಜೋಡಿಸಿದೆ. ಕನೆಕ್ಟರ್ ಟಿಕ್ ಅಂತು. ಅಷ್ಟು ಚೆನ್ನಾಗಿ ಕೂತ ಮೇಲೆ ಇನ್ನೇನು ಅನುಮಾನ?

ಡಬ್ಬಿಗೆ ಸಿಕ್ಕಿಸುವಷ್ಟರಲ್ಲಿ ಎಲೆಕ್ಟ್ರಿಷಿಯನ್ ಮೆಟ್ಟಿಲು ಹತ್ತಿ ಬಂದ. "ಸಾರ್, ಕೈ ತೆಗೀರಿ!" ಮೊಬೈಲ್ ಬೆಳಕು ಹಾಕಿ ಪ್ಯಾನೆಲಿನ ಬೆನ್ನಿನ ಚೀಟಿ ಓದಿಸಿದ. ಲೋಡ್ ಇಲ್ಲದಾಗಿನ ವೋಲ್ಟೇಜು 49.5. ಎರಡು ಸೇರಿದರೆ 99. ಡಬ್ಬಿ ತಡೆಯುವುದು 60. ಸಾಲದ್ದಕ್ಕೆ ಚೀಟಿಯ ಲೆಕ್ಕ 25 ಡಿಗ್ರಿಯದು. ಚಳಿಗೆ ವೋಲ್ಟೇಜು ಏರುತ್ತದಂತೆ. ನಾನು ಸ್ವೆಟರಿನೊಳಗೆ ಮುದುಡುವ ಹೊತ್ತಿಗೆ ಪ್ಯಾನೆಲಿಗೆ ಹುರುಪು! 8 ಡಿಗ್ರಿಯ ಬೆಳಗಿನಲ್ಲಿ ಒಂದೇ ಪ್ಯಾನೆಲ್ 52ರ ಹತ್ತಿರ ಹೋಗುತ್ತದೆ.

"ಆಂಪಿಯರ್?" ಎಂದೆ, ತಿಳಿದವನಂತೆ. ಕರೆಂಟು ಮದುವೆ ಪಂಕ್ತಿಯ ಹೋಳಿಗೆಯಿದ್ದಂತೆ. ಡಬ್ಬಿ ತನಗೆ ಬೇಕಾದಷ್ಟು ಹಾಕಿಸಿಕೊಂಡು ಎಲೆಗೆ ಕೈ ಅಡ್ಡ ಹಿಡಿಯುತ್ತದೆ. ವೋಲ್ಟೇಜಿಗೆ ಆ ಮರ್ಯಾದೆಯಿಲ್ಲ, ನುಗ್ಗಿ ಸುಟ್ಟೇಬಿಡುತ್ತದೆ. ಹಾಗೆಂದು ಆಂಪಿಯರನ್ನು ಮರೆಯುವಂತಿಲ್ಲ. ಒಳಗೇ ಶಾರ್ಟ್ ಆದರೆ ಕೈ ಅಡ್ಡ ಹಿಡಿಯುವವರು ಯಾರು? ಪ್ಯಾನೆಲಿನ ಶಾರ್ಟ್ ಸರ್ಕಿಟ್ ಕರೆಂಟು 13.9, ಡಬ್ಬಿಯ ಮಿತಿ 25. ಸದ್ಯ, ಅದೊಂದು ಕೂಡಿಬಂದಿತ್ತು. ಗಂಡು-ಹೆಣ್ಣು ಕನೆಕ್ಟರುಗಳೂ ಒಂದೇ ಕಂಪನಿಯವಿರಬೇಕಂತೆ. ಬೇರೆ ಬೇರೆಯಾದರೂ ಟಿಕ್ ಅನ್ನುತ್ತವೆ, ಆಮೇಲೆ ಒಳಗೊಳಗೇ ಕಾಯುತ್ತವೆ. ಇದು ಮನೆಯಲ್ಲೂ ನೋಡಿದ್ದೇ.

ಕೊನೆಗೆ ಎರಡನೇ ಡಬ್ಬಿಯೂ ಬಂತು, ಬೆಸ್ಕಾಂ ಒಪ್ಪಿಗೆಯೂ ಬಂತು. ಮಾರನೇ ವಾರ ಮಟಮಟ ಮಧ್ಯಾಹ್ನ ಕರೆಂಟು ಹೋಯಿತು. ನೆತ್ತಿ ಸುಡುವ ಬಿಸಿಲು, ಆದರೂ ಫ್ಯಾನು ನಿಂತಿತು. ಕಂಬದಲ್ಲಿ ಕರೆಂಟಿಲ್ಲದಿದ್ದರೆ ಈ ಡಬ್ಬಿಗಳೂ ಬಾಯಿ ಮುಚ್ಚಬೇಕು, ಇಲ್ಲದಿದ್ದರೆ ಕಂಬ ಹತ್ತಿದ ಲೈನ್‌ಮನ್ನಿಗೆ ಅಪಾಯ ಎಂದು ಹೆಂಡತಿಗೆ ವಿವರಿಸಿದೆ. ಅವಳು ಉತ್ತರಿಸಲಿಲ್ಲ. ನಾನು ಬಿಚ್ಚದೆ ಇಟ್ಟಿದ್ದ ಕೈಪಿಡಿಯನ್ನು ಕವರಿನಿಂದ ತೆಗೆದು ಗಾಳಿ ಬೀಸಿಕೊಳ್ಳತೊಡಗಿದಳು.