ಬಡವನ ಟಿಕೆಟ್ಟು

ಪರಶುರಾಮ ಎಕ್ಸ್‌ಪ್ರೆಸ್ಸು ಕೊಚ್ಚಿ ದಾಟಿತ್ತು. ಮಾವನ ಬೆರಳಿಗೆ ಪಯಂಪೊರಿಯ, ಅಂದರೆ ಬಾಳೆಹಣ್ಣಿನ ಬಜ್ಜಿಯ, ಎಣ್ಣೆ.

"ಎಲ್ಲಿಗೋ ಮಾರಾಯ?"

"ತಿರುವನಂತಪುರಕ್ಕೆ ಮಾವ. ಕೆಲಸದ ಅರ್ಜಿ. ಕನ್ನಡದಲ್ಲೇ ಬರೆದಿದ್ದೇನೆ, ಕಾಸರಗೋಡಿನವರಿಗೆ ಕಾನೂನು ಉಂಟಲ್ಲ?"

"ಬರೆಯಲಿಕ್ಕೆ ಉಂಟು. ಓದುವವರನ್ನು ಕಾನೂನು ಎಲ್ಲಿಂದ ತರಬೇಕು? 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರವನ್ನು ಮೈಸೂರು ರಾಜ್ಯಕ್ಕೆ ಕೊಡಿ ಅಂದಿತು. ಆ ವರದಿಯೂ ನಿನ್ನ ಹಾಗೇ, ಇನ್ನೂ ನಿರುದ್ಯೋಗಿ. ಸರ್ಕಾರದ ನಿರುದ್ಯೋಗ ವೇತನವಾದರೂ ಬರುತ್ತದಾ?"

"ಆ ಯೋಜನೆಯಲ್ಲಿ ತಿಂಗಳಿಗೆ 120 ರೂಪಾಯಿ. ಆದರೆ ಮನೆಯ ವರ್ಷದ ಆದಾಯ 12,000 ಮೀರಬಾರದು."

"ಹಾಗಾದರೆ ಟಿಕೆಟ್ ಅಡಗಿಸಿಡು ಮಾರಾಯ! ರಿಸರ್ವೇಶನ್ ಬೇರೆ. ಅಧಿಕಾರಿಗಳು ಕಂಡರೆ ಶ್ರೀಮಂತನೆಂದು ವೇತನದ ಅರ್ಜಿ ತಳ್ಳಿಯಾರು."